ಡಿಸ್ಕಿನ ದೋಷಪರೀಕ್ಷೆ: ನಡೆದು ಬಂದ ದಾರಿ

ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಆಸುಪಾಸಿನ ಗಣಕಯಂತ್ರದ ಅಂಗಡಿಗಳಲ್ಲಾಗಲಿ, ಧಾರವಾಡದ ಮುದ್ರಣಾಲಯಗಳಿಗೆ ಪುಟ ಕಟ್ಟಿಕೊಡುವ ಡಿ.ಟಿ.ಪಿ. ಕೇಂದ್ರಗಳಲ್ಲಾಗಲಿ, ಹಾರ್ಡ್ ಡಿಸ್ಕಿನ ದೋಷವನ್ನು ಕುರಿತ ಮಾತು ಬಂದಾಗ ಎರಡು ಭಿನ್ನ ಸಂಗತಿಗಳು ಒಂದರೊಳಗೊಂದು ಕಲಸಿಹೋಗುವುದನ್ನು ಕಾಣುತ್ತೇವೆ. ಹೊಲದ ಉತಾರ ತಪ್ಪಾಗುವುದು ಬೇರೆ, ಹೊಲವೇ ಹಳ್ಳಕ್ಕೆ ಕೊಚ್ಚಿಹೋಗುವುದು ಬೇರೆ. ಅಂತೆಯೇ ಯಾವ ಕಡತ ಎಲ್ಲಿದೆಯೆಂಬ ದಾಖಲೆ ಕೆಡುವುದಕ್ಕೂ, ಕಡತವನ್ನು ಹೊತ್ತ ಕಾಂತೀಯ ಫಲಕವೇ ಜೀರ್ಣವಾಗುವುದಕ್ಕೂ ಅಪಾರ ಅಂತರವುಂಟು. ದೋಷಪರೀಕ್ಷೆಯ ಇತಿಹಾಸವೆಲ್ಲವೂ ಈ ಎರಡನ್ನು ಬೇರ್ಪಡಿಸಿ ಅರಿಯುವ ಪ್ರಯತ್ನವೆಂದೇ ನನ್ನ ಭಾವನೆ.

ಆರಂಭದಲ್ಲಿ ಈ ಚಿಂತೆ ಗೃಹಸ್ಥನದಾಗಿರಲಿಲ್ಲ. ೧೯೫೬ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದ ರಾಮಕ್ ಯಂತ್ರದ ಡಿಸ್ಕು ೨೪ ಅಂಗುಲ ವ್ಯಾಸದ ೫೦ ಫಲಕಗಳಿಂದ ಕೂಡಿ, ೫೦ ಲಕ್ಷ ಅಕ್ಷರಗಳನ್ನಷ್ಟೇ ಧರಿಸಬಲ್ಲುದಾಗಿದ್ದಿತು. ಅದಕ್ಕೂ ಮುನ್ನ, ೧೯೫೦ರಲ್ಲಿಯೇ, ಬೆಲ್ ಪ್ರಯೋಗಾಲಯದ ಗಣಿತಜ್ಞ ರಿಚರ್ಡ್ ಹ್ಯಾಮಿಂಗ್, ಬರೆದ ಅಂಕೆಗಳೊಡನೆ ಕೆಲವು ಸಾಕ್ಷಿ-ಅಂಕೆಗಳನ್ನು ಸೇರಿಸಿದರೆ ಯಂತ್ರವು ತನ್ನ ತಪ್ಪನ್ನು ತಾನೇ ಹುಡುಕಿ ತಿದ್ದಿಕೊಳ್ಳಬಲ್ಲುದೆಂದು ತೋರಿಸಿಕೊಟ್ಟಿದ್ದರು. ಇಂದಿನ ಡಿಸ್ಕುಗಳು ಪ್ರತಿ ಸೆಕ್ಟರಿನೊಡನೆಯೂ ಇಂಥ ಸಾಕ್ಷಿಯನ್ನು ಇರಿಸಿಕೊಂಡಿರುವುದರಿಂದ, ನಮ್ಮ ಕಣ್ಣಿಗೆ ಬೀಳದ ಅಸಂಖ್ಯ ತಪ್ಪುಗಳು ದಿನವೂ ತಿದ್ದಲ್ಪಡುತ್ತಿವೆ.

೧೯೮೩ರಲ್ಲಿ ೧೦ ಮೆಗಾಬೈಟಿನ ಡಿಸ್ಕನ್ನೊಳಗೊಂಡ ಐ.ಬಿ.ಎಂ. ಎಕ್ಸ್.ಟಿ. ಮೇಜಿನ ಮೇಲೇರಿದ ಬಳಿಕ ಪರೀಕ್ಷೆಯ ಭಾರ ಒಡೆಯನ ಮೇಲೆಯೇ ಬಿದ್ದಿತು. ಡಾಸ್ ವ್ಯವಸ್ಥೆಯ ಚೆಕ್‌ಡಿಸ್ಕ್ ಎಂಬ ಆಜ್ಞೆ ದಾಖಲೆಯನ್ನಷ್ಟೇ ಪರಿಶೀಲಿಸುತ್ತಿದ್ದು, ಯಾವ ಕಡತಕ್ಕೂ ಸೇರದ ತುಂಡುಗಳು ಸಿಕ್ಕರೆ, ಒಡೆಯ ಒಪ್ಪಿದಲ್ಲಿ, ಅವನ್ನು ಸಿ.ಎಚ್.ಕೆ. ಎಂಬ ಬಾಲವುಳ್ಳ ಅನಾಮಧೇಯ ಕಡತಗಳನ್ನಾಗಿ ಮಾಡಿ ಇರಿಸುತ್ತಿತ್ತು. ಬೇಕಾದರೆ ಫಲಕದ ಮೇಲ್ಮೈಯನ್ನೂ ಓದಿ ನೋಡುವ ಸ್ಕ್ಯಾನ್‌ಡಿಸ್ಕ್ ಬಂದುದು ೧೯೯೩ರ ಎಂ.ಎಸ್. ಡಾಸ್ ೬.೨ರೊಡನೆ.

ನಮ್ಮ ಅವಳಿ ನಗರದ ಮನೆಗಳಿಗೆ ಗಣಕಯಂತ್ರ ಕಾಲಿರಿಸಿದ ಕಾಲವೂ, ನಾಡಿಗೆ ನಾಡೇ ವಿದ್ಯುತ್ತಿನ ಅಭಾವದಿಂದ ತೊಳಲುತ್ತಿದ್ದ ಕಾಲವೂ ಒಂದೇ ಆದುದರಿಂದ, ಸ್ಕ್ಯಾನ್‌ಡಿಸ್ಕಿನ ಪರಿಚಯ ಇಲ್ಲಿ ಬಹು ಬೇಗನೆ ಆಯಿತು. ಅಕ್ಷರಗಳು ಫಲಕದ ಮೇಲೆ ಮೂಡಿಯೂ, ಅವು ಎಲ್ಲಿವೆಯೆಂಬ ದಾಖಲೆ ಪೂರ್ಣಗೊಳ್ಳುವ ಮುನ್ನ ಕರೆಂಟು ಹೋದರೆ, ಬರಹವಿದ್ದೂ ವಿಳಾಸವಿಲ್ಲದಂತಾಗುತ್ತದೆ. ಕರೆಂಟು ಮರಳಿದಾಗ ವಿಂಡೋಸ್ ೯೮ ನೀಲಿ ಪರದೆಯ ಮೇಲೆ ತಾನಾಗಿ ಪರೀಕ್ಷೆಗೆ ತೊಡಗಿ, ಯಂತ್ರವನ್ನು ಕ್ರಮವಾಗಿ ಆರಿಸಬೇಕೆಂದು ಒಡೆಯನಿಗೇ ಬುದ್ಧಿ ಹೇಳುತ್ತಿತ್ತು. ಲೋಡ್ ಶೆಡ್ಡಿಂಗಿನ ಊರಿನಲ್ಲಿ ಆ ಉಪದೇಶವನ್ನು ಯಾರಿಗೆ ಮಾಡಬೇಕಾಗಿತ್ತೆಂಬುದು ಅದನ್ನು ಬರೆದವರಿಗೆ ಹೊಳೆದಿರಲಾರದು. ೧೯೩೩ರಷ್ಟು ಹಿಂದೆಯೇ ಮನೋಹರ ಗ್ರಂಥಮಾಲೆಯನ್ನು ಕಂಡ ಧಾರವಾಡದಂಥ ಪುಸ್ತಕಗಳ ಊರಿಗೆ ಇನ್ನೊಂದು ವಿಪತ್ತೂ ಕಾದಿತ್ತು. ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳು ಅಂದು ರೋಮನ್ ಅಕ್ಷರಗಳ ಸಂಕೇತಗಳನ್ನೇ ಎರವಲು ಪಡೆದು ಕನ್ನಡವನ್ನು ಮೂಡಿಸುತ್ತಿದ್ದುದರಿಂದ, ಪಾರಾಗಿ ಬಂದ ಸಿ.ಎಚ್.ಕೆ. ತುಂಡನ್ನು ತೆರೆದವನಿಗೆ ಕಾಣುತ್ತಿದ್ದುದು ಅರ್ಥವಿಲ್ಲದ ಚಿಹ್ನೆಗಳ ರಾಶಿ; ತಕ್ಕ ಫಾಂಟನ್ನು ಹೊಂದಿಸಿದಾಗಲೇ ಅದರೊಳಗಿಂದ ಕಥೆಯೋ ಪ್ರಬಂಧವೋ ತಲೆಯೆತ್ತುವುದು. ಇದನ್ನರಿಯದೆ ಕಸವೆಂದು ಅಳಿಸಿಹಾಕಿದ ಬರಹವೆಷ್ಟೋ!

ದಾಖಲೆಯ ರಕ್ಷಣೆಗೆ ನಿಜವಾದ ಉಪಾಯ ಒದಗಿದುದು ಪರೀಕ್ಷೆಯಿಂದಲ್ಲ. ಮಾಡಲಿರುವ ಬದಲಾವಣೆಯನ್ನು ಮೊದಲೇ ದಿನಚರಿಯಲ್ಲಿ ಬರೆದಿಟ್ಟು, ನಡುವೆ ವಿಘ್ನವಾದರೆ ಅದನ್ನೋದಿ ಸರಿಪಡಿಸಿಕೊಳ್ಳುವ ಎನ್.ಟಿ.ಎಫ್.ಎಸ್. ವ್ಯವಸ್ಥೆ ೧೯೯೩ರಲ್ಲಿ ಹುಟ್ಟಿ, ೨೦೦೧ರ ವಿಂಡೋಸ್ ಎಕ್ಸ್.ಪಿ.ಯೊಡನೆ ಮನೆಮನೆಗೆ ಬಂದಿತು. ಲಿನಕ್ಸಿಗೂ ಅದೇ ವರ್ಷ ಅಂಥ ಅನುಕೂಲ ದೊರೆಯಿತು.

ಉಳಿದುದು ಫಲಕದ ಸಮಸ್ಯೆ. ೧೯೯೦ರ ದಶಕದ ಮಧ್ಯಭಾಗದಲ್ಲಿ ತಯಾರಕರು ಕೂಡಿ ರೂಪಿಸಿದ ಸ್ಮಾರ್ಟ್ ಎಂಬ ಏರ್ಪಾಡಿನಲ್ಲಿ ಡಿಸ್ಕು ತನ್ನ ಸ್ಥಿತಿಯನ್ನು ತಾನೇ ಅಳೆದುಕೊಳ್ಳುತ್ತ, ಕೆಟ್ಟ ಸೆಕ್ಟರಿಗೆ ಬದಲಾಗಿ ಎಷ್ಟು ಮೀಸಲು ಸೆಕ್ಟರುಗಳನ್ನು ಬಳಸಿಕೊಂಡಿತೆಂಬ ಲೆಕ್ಕವನ್ನು ಇಡುತ್ತದೆ. ಇದರ ಪ್ರಾಮಾಣ್ಯವೆಷ್ಟು? ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಮಿಕ್ಕಿದ ಡಿಸ್ಕುಗಳನ್ನು ಅಧ್ಯಯನ ಮಾಡಿ ೨೦೦೭ರಲ್ಲಿ ಪ್ರಕಟಿಸಿದಂತೆ, ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕು ೬೦ ದಿನಗಳೊಳಗೆ ಕೆಡುವ ಸಂಭವ, ದೋಷ ಕಾಣದ ಡಿಸ್ಕಿಗಿಂತ ೩೯ ಪಟ್ಟು ಹೆಚ್ಚು. ಆದರೆ ಕೆಟ್ಟವುಗಳಲ್ಲಿ ಶೇಕಡಾ ೩೬ಕ್ಕೂ ಹೆಚ್ಚಿನವು, ಉಷ್ಣತೆಯೊಂದನ್ನುಳಿದು, ಯಾವ ಸೂಚನೆಯನ್ನೂ ಕೊಡದೆಯೇ ಕೆಟ್ಟಿದ್ದವು. ಎಚ್ಚರಿಕೆಯನ್ನು ನಂಬಬಹುದು, ಮೌನವನ್ನು ನಂಬಲಾಗದು.

“ಬ್ಯಾಡ್ ಸೆಕ್ಟರ್ ಬಂದಾವ್ರಿ, ಫಾರ್ಮ್ಯಾಟ್ ಹೊಡೀಬೇಕಾಗ್ತೈತಿ” ಎಂಬ ಮಾತು ನಮ್ಮ ಕಡೆ ಇಂದಿಗೂ ಕೇಳಿಬರುತ್ತದೆ. ಫಾರ್ಮ್ಯಾಟಿನಿಂದ ದಾಖಲೆ ಹೊಸದಾಗುವುದೇ ಹೊರತು ಸವೆದ ಫಲಕ ಚಿಗುರಲಾರದು. ಸಾಯುತ್ತಿರುವ ಡಿಸ್ಕಿನ ಮೇಲೆ ದೀರ್ಘ ಚೆಕ್‌ಡಿಸ್ಕ್ ನಡೆಸುವುದಂತೂ ಅದರ ಅಳಿದುಳಿದ ಆಯುಷ್ಯವನ್ನು ಪರೀಕ್ಷೆಯಲ್ಲಿಯೇ ವ್ಯಯಿಸಿದಂತೆ. ಆದುದರಿಂದಲೇ ಬಲ್ಲವರು ಮೊದಲು ಓದಬರುವ ಭಾಗಗಳ ಪ್ರತಿಯನ್ನು ತೆಗೆದು, ಹಟಮಾರಿ ಸೆಕ್ಟರುಗಳಿಗೆ ಕೊನೆಯಲ್ಲಿ ಮರಳುವ ಡಿಡಿರೆಸ್ಕ್ಯೂದಂಥ ಉಪಕರಣವನ್ನು ಹಿಡಿಯುತ್ತಾರೆ. ದುರಸ್ತಿಯೇನಿದ್ದರೂ ಆ ಪ್ರತಿಯ ಮೇಲೆ. ಈಗ ಪ್ರಚಲಿತವಾಗುತ್ತಿರುವ ಎಸ್.ಎಸ್.ಡಿ.ಗಳಲ್ಲಿ ತಿರುಗುವ ಫಲಕವೂ ಇಲ್ಲ, ಅಲೆಯುವ ಮುಳ್ಳೂ ಇಲ್ಲ. ಒಳಗಿನ ನಿಯಂತ್ರಕವು ಬರಹವನ್ನು ತನಗೆ ತೋರಿದಲ್ಲಿ ಸ್ಥಳಾಂತರಿಸುತ್ತಿರುವುದರಿಂದ ಮೇಲ್ಮೈಯ ಪರೀಕ್ಷೆಗೆ ಹಳೆಯ ಅರ್ಥ ಉಳಿದಿಲ್ಲ. ಆಯುಷ್ಯ ಶೇಕಡಾ ಎಷ್ಟು ಸವೆದಿದೆಯೆಂದು ಅದು ತಾನಾಗಿ ಹೇಳುವ ಅಂಕೆಯನ್ನು ಓದಿಕೊಳ್ಳುವುದಷ್ಟೇ ಒಡೆಯನ ಪಾಲಿಗೆ ಬಂದ ಪರೀಕ್ಷೆ.