ವಂಶವಾಹಿ ಉತ್ಪರಿವರ್ತನೆ ಮತ್ತು ಮಹಾಪಧಮನಿ ಶಸ್ತ್ರಚಿಕಿತ್ಸೆ

ಸಂಯೋಜಕ ಅಂಗಾಂಶದ ಕೆಲವು ಆನುವಂಶಿಕ ಕಾಯಿಲೆಗಳಲ್ಲಿ ಮಹಾಪಧಮನಿಯ ಗೋಡೆ ಸಡಿಲವಾಗಿ, ಹೃದಯದ ಬಳಿಯ ಬುಡ ಹಿಗ್ಗುತ್ತ ಹೋಗುತ್ತದೆ. ಒಳಪದರ ಸೀಳಿದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಸೀಳುವ ಮೊದಲೇ ಹಿಗ್ಗಿದ ಭಾಗ ತೆಗೆದು ಡೇಕ್ರಾನ್ ಎಂಬ ಕೃತಕ ಬಟ್ಟೆಯ ಕೊಳವೆ ಜೋಡಿಸುವುದೇ ಇದಕ್ಕಿರುವ ಮುಖ್ಯ ಚಿಕಿತ್ಸೆ. ಎಷ್ಟು ಬೇಗ ಜೋಡಿಸಬೇಕು, ಹಾಕಿದ ಹೊಲಿಗೆ ನಿಲ್ಲುತ್ತದೆಯೇ ಎಂಬುದು ಕೆಟ್ಟಿರುವ ವಂಶವಾಹಿ ಯಾವುದೆಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಇವುಗಳಲ್ಲಿ ಹೆಚ್ಚು ಪರಿಚಿತವಾದದ್ದು ಮಾರ್ಫಾನ್ ಸಿಂಡ್ರೋಮ್. ಪ್ಯಾರಿಸ್ಸಿನ ವೈದ್ಯ ಆಂಟ್ವಾನ್ ಮಾರ್ಫಾನ್ 1896ರಲ್ಲಿ ನೀಳ ಬೆರಳುಗಳ ಒಬ್ಬ ಬಾಲಕಿಯನ್ನು ವರ್ಣಿಸಿದರು; ಕಾರಣವಾದ ಎಫ್‌ಬಿಎನ್1 ವಂಶವಾಹಿ 1991ರಲ್ಲಿ ಪತ್ತೆಯಾಯಿತು. ಇದು ಫೈಬ್ರಿಲಿನ್-1 ಎಂಬ ಪ್ರೋಟೀನಿನ ವಂಶವಾಹಿ. ಆ ಪ್ರೋಟೀನಿನ ಪ್ರಮಾಣವನ್ನೇ ತಗ್ಗಿಸುವ ಉತ್ಪರಿವರ್ತನೆ ಇರುವವರಲ್ಲಿ ಸೀಳಿನ ಅಪಾಯ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಸಾಮಾನ್ಯವಾಗಿ ಬುಡದ ಅಗಲ 5 ಸೆಂ.ಮೀ. ಮುಟ್ಟಿದಾಗ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಮಹಾಪಧಮನಿಯ ಕವಾಟವನ್ನೂ ಬದಲಿಸುವ ಬೆಂಟಾಲ್ ವಿಧಾನ 1968ರದು. ಕವಾಟ ಉಳಿಸಿಕೊಳ್ಳುವ, ಶಸ್ತ್ರವೈದ್ಯ ಟೈರೋನ್ ಡೇವಿಡ್ ಅವರ ವಿಧಾನ 1992ರಲ್ಲಿ ಪ್ರಕಟವಾಯಿತು. 1999ರಲ್ಲಿ ಪ್ರಕಟವಾದ 675 ಮಾರ್ಫಾನ್ ರೋಗಿಗಳ ಲೆಕ್ಕವನ್ನು ಇಲ್ಲಿ ಹೇಳಲೇಬೇಕು: ಮುಂಚಿತವಾಗಿ ಯೋಜಿಸಿದ ಶಸ್ತ್ರಚಿಕಿತ್ಸೆಯ ನಂತರದ 30 ದಿನಗಳಲ್ಲಿ ಸತ್ತವರು ಶೇ. 1.5, ತುರ್ತಾಗಿ ಮಾಡಿದಾಗ ಶೇ. 11.7.

2005ರಲ್ಲಿ ವರ್ಣಿಸಲಾದ ಲೋಯ್ಸ್-ಡೀಟ್ಸ್ ಸಿಂಡ್ರೋಮಿನಲ್ಲಿ ಟಿಜಿಎಫ್‌ಬಿಆರ್1 ಅಥವಾ ಟಿಜಿಎಫ್‌ಬಿಆರ್2 ವಂಶವಾಹಿ ಕೆಟ್ಟಿರುತ್ತದೆ (ಮುಂದೆ ಎಸ್‌ಎಂಎಡಿ3 ಮುಂತಾದವೂ ಸೇರಿದವು). ಕೆಲವರ ಕಿರುನಾಲಿಗೆ ಇಬ್ಭಾಗವಾಗಿರುತ್ತದೆ. ಬಾಯಿ ತೆರೆಸಿ ನೋಡುವ ಈ ಒಂದು ಕ್ಷಣವೇ ಜೀವ ಉಳಿಸಬಹುದು. ಏಕೆಂದರೆ ಇಲ್ಲಿ ಮಹಾಪಧಮನಿ ಅಷ್ಟೇನೂ ಹಿಗ್ಗದೆಯೂ ಸೀಳುತ್ತದೆ. ಹಾಗಾಗಿ 4.5 ಸೆಂ.ಮೀ.ಗೆ, ಅಪಾಯ ಹೆಚ್ಚಿದ್ದರೆ ಇನ್ನೂ ಮೊದಲೇ, ಶಸ್ತ್ರಚಿಕಿತ್ಸೆಗೆ ಕೈಹಾಕುತ್ತಾರೆ. ಅದೃಷ್ಟಕ್ಕೆ ಗೋಡೆ ಹೊಲಿಗೆಯನ್ನು ತಡೆದುಕೊಳ್ಳುತ್ತದೆ. ಆದರೆ ಬೇರೆಡೆಯ ರಕ್ತನಾಳಗಳೂ ಉಬ್ಬುವುದರಿಂದ ತಲೆಯಿಂದ ಕಿಬ್ಬೊಟ್ಟೆಯವರೆಗೆ ಸ್ಕ್ಯಾನ್ ಮಾಡಿಸುತ್ತಲೇ ಇರಬೇಕು.

ರಕ್ತನಾಳಗಳನ್ನು ಕಾಡುವ ಏಲರ್ಸ್-ಡಾನ್ಲೋಸ್ ಸಿಂಡ್ರೋಮ್ ಎಲ್ಲಕ್ಕಿಂತ ಕಠಿಣ. ಸಿಒಎಲ್3ಎ1 ವಂಶವಾಹಿ ಕೆಟ್ಟು ಮೂರನೇ ಬಗೆಯ ಕೊಲಾಜೆನ್ ಹದಗೆಡುತ್ತದೆ. ಜೀರ್ಣವಾದ ಹಳೆಯ ಸೀರೆಗೆ ಹೊಲಿಗೆ ಹಾಕಿದಂತೆ, ದಾರ ಬಿಗಿದಲ್ಲೇ ಗೋಡೆ ಹರಿದುಹೋಗುತ್ತದೆ. ಇಕ್ಕಳ ಕಚ್ಚಿದ ಜಾಗದಲ್ಲೂ ರಕ್ತ ಜಿನುಗುತ್ತದೆ. ಹೀಗಾಗಿ ಸಾಧ್ಯವಾದಷ್ಟೂ ಕತ್ತರಿ ಮುಟ್ಟದೆ ಕಾಯುವುದೇ ಇಲ್ಲಿನ ವಾಡಿಕೆ. ಇದರಲ್ಲೂ ಕೊಲಾಜೆನ್ ರಚನೆ ಕೆಡದೆ ಪ್ರಮಾಣ ಮಾತ್ರ ಅರ್ಧಕ್ಕಿಳಿದವರಿಗೆ ತೊಂದರೆ ತಡವಾಗಿ ಶುರುವಾಗುತ್ತದೆ.

ಒಬ್ಬರಲ್ಲಿ ಉತ್ಪರಿವರ್ತನೆ ಸಿಕ್ಕರೆ ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳನ್ನೂ ಪರೀಕ್ಷಿಸಬೇಕು. ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಶೇ. 50.