ಲಿವರ್‌ಪೂಲಿನ ‘ಇಮ್ಯಾಜಿನ್’: ಒಂದು ಗಣಕಕ್ರೀಡಾ ಸಂಸ್ಥೆಯ ಉದಯ ಮತ್ತು ಪತನ

ಒಂದು ಕಾಲದಲ್ಲಿ ಅಟ್ಲಾಂಟಿಕ್ ವಾಣಿಜ್ಯದ ಮಹಾದ್ವಾರವಾಗಿ ಮೆರೆದಿದ್ದ ಇಂಗ್ಲೆಂಡಿನ ಲಿವರ್‌ಪೂಲ್ ನಗರವು, ಬಂದರಿನ ವ್ಯವಹಾರವು ಕ್ಷೀಣಿಸಿ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದುದರಿಂದ ನಿರುದ್ಯೋಗಕ್ಕೆ ಸಿಲುಕಿ, 1981ರ ಜುಲೈ ತಿಂಗಳಿನಲ್ಲಿ ಟಾಕ್ಸ್‌ಟೆತ್ ಬಡಾವಣೆಯ ಗಲಭೆಗಳಿಂದ ದೇಶದ ಗಮನವನ್ನೆಲ್ಲ ಸೆಳೆದಿದ್ದಿತು. ಅದೇ ನಗರದಲ್ಲಿ ಮರುವರ್ಷ ಮಾರ್ಕ್ ಬಟ್ಲರ್ ಮತ್ತು ಡೇವಿಡ್ ಲಾಸನ್ ಎಂಬ ತರುಣರಿಬ್ಬರು, ತಾವು ದುಡಿಯುತ್ತಿದ್ದ ಬಗ್-ಬೈಟ್ ಸಂಸ್ಥೆಯನ್ನು ತೊರೆದು, ‘ಇಮ್ಯಾಜಿನ್ ಸಾಫ್ಟ್‌ವೇರ್’ ಎಂಬ ಹೊಸ ಸಂಸ್ಥೆಯನ್ನು ಸ್ಥಾಪಿಸಿದರು. ಸುಮಾರು ಎರಡೇ ವರ್ಷಗಳಲ್ಲಿ ಉತ್ಕರ್ಷ ಅವನತಿಗಳೆರಡನ್ನೂ ಕಂಡ ಈ ಸಂಸ್ಥೆಯ ನಾಶಕ್ಕೆ ಯೌವನದ ದುಂದುಗಾರಿಕೆಯೇ ಕಾರಣವೆಂದು ಹೇಳುವುದು ವಾಡಿಕೆ. ದುಬಾರಿ ಕಾರುಗಳೂ ಮೋಟಾರ್‌ಸೈಕಲ್ ಪಂದ್ಯದ ಪ್ರಾಯೋಜನೆಯೂ ಇದ್ದುದು ನಿಜವೇ. ಆದರೆ ಕಾರಣವನ್ನು ಅಲ್ಲಿಗಿಂತ ಹೆಚ್ಚಾಗಿ ಅದರ ವ್ಯಾಪಾರಕ್ರಮದಲ್ಲಿಯೇ ಅರಸಬೇಕೆಂಬುದು ಪ್ರಕೃತ ಲೇಖಕನ ಅಭಿಪ್ರಾಯ.

1982ರ ಏಪ್ರಿಲ್‌ನಲ್ಲಿ ಸಿಂಕ್ಲೇರ್ ಸಂಸ್ಥೆಯು ಹೊರತಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಗಣಕವು, 16 ಕಿಲೋಬೈಟ್ ಸ್ಮೃತಿಯುಳ್ಳದ್ದಾದರೆ 125 ಪೌಂಡಿಗೂ 48 ಕಿಲೋಬೈಟಿನದಾದರೆ 175 ಪೌಂಡಿಗೂ ದೊರೆಯುತ್ತಿದ್ದು, ಮಧ್ಯಮವರ್ಗದ ಮನೆಗಳನ್ನು ಸುಲಭವಾಗಿ ಪ್ರವೇಶಿಸಿತು. ಹಾಡು ಕೇಳುವ ಸಾಮಾನ್ಯ ಟೇಪ್‌ರೆಕಾರ್ಡರಿನ ಕ್ಯಾಸೆಟ್ಟಿನಿಂದಲೇ ಅದಕ್ಕೆ ಆಟಗಳನ್ನು ತುಂಬಬಹುದಾಗಿದ್ದುದರಿಂದ, ಬುದ್ಧಿ ಚುರುಕಾಗಿದ್ದ ಹುಡುಗನೊಬ್ಬನು ತನ್ನ ಕೋಣೆಯಲ್ಲಿ ಕುಳಿತು ರಚಿಸಿದುದೂ ಅಂಗಡಿಯ ಸರಕಾಗಬಲ್ಲದಾಯಿತು. ಲಾಸನ್ ಸ್ವತಃ ಬರೆದ, ಕೇವಲ 16 ಕಿಲೋಬೈಟುಗಳಲ್ಲಿ ಅಡಕವಾಗಿದ್ದ ‘ಆರ್ಕೇಡಿಯ’ ಎಂಬ ಗುಂಡುಹಾರಿಸುವ ಆಟವು ಆ ವರ್ಷದ ಕ್ರಿಸ್‌ಮಸ್ ಋತುವಿನಲ್ಲಿ ಭರದಿಂದ ಮಾರಾಟವಾಯಿತು. ಅದರ ಬೆನ್ನಲ್ಲೇ ‘ಝೂಮ್’, ‘ಜಂಪಿಂಗ್ ಜ್ಯಾಕ್’, ‘ಸ್ಟಾಂಕರ್ಸ್’, ‘ಆಲ್ಕೆಮಿಸ್ಟ್’ ಮುಂತಾದುವು ಬಂದವು. ಅವುಗಳಲ್ಲಿ ಕೆಲವು ಚೆಲುವಾದುವು, ಕೆಲವು ಹೊದಿಕೆಯ ಚಿತ್ರದಷ್ಟು ಸೊಗಸಿಲ್ಲದುವು.

ಅದಕ್ಕೂ ಮುನ್ನ ಲಿವರ್‌ಪೂಲಿನಲ್ಲಿ ಮೈಕ್ರೋಡಿಜಿಟಲ್ ಎಂಬ ಗಣಕದಂಗಡಿಯನ್ನು ನಡೆಸಿದ್ದ ಬ್ರೂಸ್ ಎವೆರಿಸ್ ಈ ಸಂಸ್ಥೆಯ ವ್ಯವಹಾರ ನಿರ್ವಾಹಕನಾಗಿ ಬಂದ ಬಳಿಕ, ಪ್ರಚಾರವೆಂಬುದು ವ್ಯಾಪಾರದ ಅಂಗವಾಗಿರದೆ ಅದರ ಪ್ರಾಣವೇ ಆಯಿತು. ಹದಿಹರೆಯದ ಕ್ರಮವಿಧಿಕಾರ ಯೂಜೀನ್ ಇವಾನ್ಸ್‌ನಿಗೆ ವರ್ಷಕ್ಕೆ 35,000 ಪೌಂಡು ಸಂಪಾದನೆಯಿದೆಯೆಂಬ ಸುದ್ದಿಯನ್ನು ಪತ್ರಿಕೆಗಳು ಸಂಭ್ರಮದಿಂದ ಮುದ್ರಿಸಿದವು. ಕೆಲಸವಿಲ್ಲದ ಊರಿನಲ್ಲಿ ಇಂಥ ಕಥೆಗೆ ಓದುಗರು ಒದಗದೆ ಇರುವರೇ? ಆದರೆ ಇಂಥ ಅಂಕಿಗಳು ಹಲಮಟ್ಟಿಗೆ ಸಂಸ್ಥೆಯ ಬಾಯಿಂದಲೇ ಹೊರಟುವಾದುದರಿಂದ, ಅವನ್ನು ಆದಾಯದ ಲೆಕ್ಕವೆಂದಲ್ಲದೆ ಜಾಹೀರಾತಿನ ಭಾಗವೆಂದು ಓದುವುದೇ ಇತಿಹಾಸಕಾರನಿಗೆ ಕ್ಷೇಮ.

1983ರ ಕ್ರಿಸ್‌ಮಸ್ ಸಮೀಪಿಸಿದಾಗ, ಪ್ರತಿಸ್ಪರ್ಧಿಗಳಿಗೆ ಕ್ಯಾಸೆಟ್ಟುಗಳೇ ದೊರೆಯಬಾರದೆಂಬ ಎಣಿಕೆಯಿಂದ, ಪ್ರತಿಮುದ್ರಣದ ದೊಡ್ಡ ಕಾರ್ಖಾನೆಯೊಂದರ ಸಾಮರ್ಥ್ಯವನ್ನು ಇಮ್ಯಾಜಿನ್ ತನಗಾಗಿಯೇ ಕಾದಿರಿಸಿತೆಂದು ಪ್ರಸಿದ್ಧಿ. ಪರಿಣಾಮವಾಗಿ ಎದುರಾಳಿಗಳು ಬರಿಗೈಯಾಗಲಿಲ್ಲ, ಮಾರಾಟವಾಗದ ಸರಕು ಮಾತ್ರ ಇವರ ಗೋದಾಮಿನಲ್ಲಿ ಉಳಿಯಿತು. ಮಾರ್ಷಲ್ ಕ್ಯಾವೆಂಡಿಷ್ ಪ್ರಕಾಶನದೊಡನೆ ಆಟಗಳನ್ನು ಒದಗಿಸಲು ಮಾಡಿಕೊಂಡಿದ್ದ ಭಾರಿ ಒಪ್ಪಂದವೂ ಮುರಿದುಬಿದ್ದಿತು. ಆ ಒಪ್ಪಂದವನ್ನು ನಂಬಿ ನೌಕರರನ್ನು ಹೆಚ್ಚಿಸಿಕೊಂಡಿದ್ದವರಿಗೆ ತಿಂಗಳ ಸಂಬಳವೇ ದೊಡ್ಡ ಹೊರೆಯಾಯಿತು.

ಇಷ್ಟಾದರೂ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಅಭ್ಯಾಸವು ತಪ್ಪಲಿಲ್ಲ. ‘ಬ್ಯಾಂಡರ್‌ಸ್ನ್ಯಾಚ್’ ಮತ್ತು ‘ಸೈಕ್ಲ್ಯಾಪ್ಸ್’ ಎಂಬೆರಡು ‘ಮೆಗಾಗೇಮ್’ಗಳು ಬರಲಿವೆಯೆಂದು, ಅವುಗಳ ರಚನೆಯು ಇನ್ನೂ ಅಪೂರ್ಣವಾಗಿರುವಾಗಲೇ, ಪತ್ರಿಕೆಗಳಲ್ಲಿ ಪುಟಗಟ್ಟಲೆ ಘೋಷಿಸಲಾಯಿತು. ಗಣಕದ ಹಿಂಬದಿಗೆ ಜೋಡಿಸುವ ಒಂದು ಯಂತ್ರಭಾಗವು ಸ್ಮೃತಿಯನ್ನು ವಿಸ್ತರಿಸುವುದಲ್ಲದೆ, ಮನೆಮನೆಯಲ್ಲಿ ನಡೆಯುತ್ತಿದ್ದ ಕ್ಯಾಸೆಟ್ ನಕಲನ್ನೂ ಅಸಾಧ್ಯಗೊಳಿಸಬೇಕೆಂಬುದು ಯೋಜನೆ. ಯೋಜನೆಯು ಮೂರ್ಖತನದ್ದಲ್ಲ, ಆದರೆ ಐದಾರು ಪೌಂಡಿಗೆ ಆಟ ಕೊಳ್ಳುವ ಬಾಲಕನು ಸುಮಾರು 40 ಪೌಂಡು ತೆರುವನೆಂದು ನಂಬಿದುದು ಸಾಹಸ.

1984ರ ಜುಲೈ 9ರಂದು, ಒಂದು ಪ್ರಕಾಶನಸಂಸ್ಥೆಗೆ ಸಲ್ಲಬೇಕಾಗಿದ್ದ 10,000 ಪೌಂಡುಗಳನ್ನು ಹೊಂದಿಸಲಾರದೆ ಹೋದುದರಿಂದ, ಲಂಡನ್ನಿನ ಉಚ್ಚ ನ್ಯಾಯಾಲಯವು ಸಂಸ್ಥೆಯ ಸಮಾಪನಕ್ಕೆ ಆಜ್ಞೆಯಿತ್ತಿತು. ಯಶೋಗಾಥೆಯೊಂದನ್ನು ಚಿತ್ರಿಸಲೆಂದು ಆ ವೇಳೆಗಾಗಲೇ ಬಂದಿದ್ದ ಬಿಬಿಸಿಯ ‘ಕಮರ್ಷಿಯಲ್ ಬ್ರೇಕ್ಸ್’ ತಂಡದ ಕ್ಯಾಮೆರಾ ಎದುರಿನಲ್ಲಿಯೇ ಅಮೀನರು ಜಪ್ತಿಗೆ ಬಂದರು. ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಸಾರವಾದ ಆ ಚಿತ್ರದಲ್ಲಿ ಇಮ್ಯಾಜಿನ್‌ನೊಡನೆ ಮ್ಯಾಂಚೆಸ್ಟರಿನ ಓಷನ್ ಸಂಸ್ಥೆಯೂ ಕಾಣಿಸಿಕೊಂಡಿತು. ಇಮ್ಯಾಜಿನ್‌ನ ಹೆಸರನ್ನು ಕೊಂಡದ್ದೂ ಆ ಓಷನ್ನೇ. ಬಳಿಕ ಅದು ಕೆಲವರ್ಷ ತನ್ನ ಆಟಗಳಿಗೆ ಅದೇ ಮುದ್ರೆಯನ್ನು ಅಂಟಿಸಿತು.

ಚದುರಿದ ನೌಕರರಲ್ಲಿ ಕೆಲವರು ಡೆಂಟನ್ ಡಿಸೈನ್ಸ್ ಎಂಬ ರಚನಾಶಾಲೆಯನ್ನು ಕಟ್ಟಿಕೊಂಡರು. ಲಾಸನ್, ಹಣಕಾಸನ್ನು ನೋಡಿಕೊಂಡಿದ್ದ ಇಯಾನ್ ಹೆದರಿಂಗ್‌ಟನ್ ಮತ್ತು ಜೊನಾಥನ್ ಎಲಿಸ್ ಇವರು ಸ್ಥಾಪಿಸಿದ ಸೈಗ್ನೋಸಿಸ್ 1993ರಲ್ಲಿ ಸೋನಿಯ ವಶವಾಗುವಷ್ಟು ಬೆಳೆಯಿತು. ಬ್ಯಾಂಡರ್‌ಸ್ನ್ಯಾಚ್‌ನ ಕಲ್ಪನೆಯು ಅದರ ಮೊದಲ ಕೃತಿಯಾದ ‘ಬ್ರಟಾಕಸ್’ ಆಗಿ ಅಟಾರಿ ಎಸ್‌ಟಿ, ಅಮಿಗಾ ಗಣಕಗಳಲ್ಲಿ ಹೊರಬಂದಿತು. ಎಸ್‌ಟಿಯಲ್ಲಿ 512 ಕಿಲೋಬೈಟುಗಳ ಸ್ಮೃತಿಯು ಯಂತ್ರದೊಳಗೇ ಇದ್ದುದರಿಂದ, ಇಮ್ಯಾಜಿನ್ ಮಾರಲು ಹವಣಿಸಿದ್ದ ಆ ಹೆಚ್ಚುವರಿ ಯಂತ್ರಭಾಗವು ಅಲ್ಲಿ ಬೇಕಾಗಲಿಲ್ಲ.