ಎರಡೂ ಕಡೆಯಿಂದ ತೆರೆಯುವ ನೋಟ್‌ಬುಕ್

ಬಂಕಾಪುರ ಎಂದ ಕೂಡಲೇ ಹೊರಗಿನವರು ಕೋಟೆಯೊಳಗಿನ ನಗರೇಶ್ವರ ಗುಡಿಯ ಬಗ್ಗೆ ಕೇಳುತ್ತಾರೆ, ಇಲ್ಲವೇ ನವಿಲಿನ ಬಗ್ಗೆ. ಈ ಊರಿನ ಹೆಸರು ಹೊತ್ತಿರುವ ಒಂದು ಪುಸ್ತಕದ ಬಗ್ಗೆ ಯಾರೂ ಕೇಳುವುದಿಲ್ಲ. ಅದು ಸಂಸ್ಕೃತದ ‘ಉತ್ತರಪುರಾಣ’. ಬಂಕೇಯನ ಮಗ ಲೋಕಾದಿತ್ಯ ಬಂಕಾಪುರದಿಂದ ಬನವಾಸಿ ನಾಡನ್ನು ಆಳುತ್ತಿದ್ದ ಮಾತು ಅದರ ಕೊನೆಯ ಪ್ರಶಸ್ತಿಯಲ್ಲಿದೆ. ಶಕ 820 ಎಂಬ ವರ್ಷವೂ ಇದೆ, ಅಂದರೆ ಕ್ರಿ.ಶ. 898.

ನನಗೆ ಇಷ್ಟವಾದದ್ದು ವರ್ಷವಲ್ಲ, ಆ ಪುಸ್ತಕ ಆದ ರೀತಿ. ‘ಮಹಾಪುರಾಣ’ವನ್ನು ಬರೆಯಲು ಕುಳಿತವರು ಜಿನಸೇನರು. ಮೊದಲ ಭಾಗದ 42 ಪರ್ವ ಮುಗಿಸಿ, 43ನೆಯದರಲ್ಲಿ ಮೂರು ಪದ್ಯ ಬರೆಯುವಷ್ಟರಲ್ಲಿ ತೀರಿಕೊಂಡರು. ಶಿಷ್ಯ ಗುಣಭದ್ರರು ಅಲ್ಲಿಂದಲೇ ಮುಂದುವರಿಸಿ ಆ ಭಾಗ ಮುಗಿಸಿದರು, ಉತ್ತರಪುರಾಣವನ್ನೂ ಬರೆದರು. ಪ್ರಶಸ್ತಿಯ ಕೊನೆಯ ಭಾಗ ಗುಣಭದ್ರರ ಶಿಷ್ಯ ಲೋಕಸೇನರದ್ದು ಎನ್ನುತ್ತಾರೆ ವಿದ್ವಾಂಸರು.

ಹೀಗೆ ಮುಂದುವರಿಸುವುದು ಜಿನಸೇನರಿಗೂ ಹೊಸದಲ್ಲ. ಅವರ ಗುರು ವೀರಸೇನರು ಅರ್ಧಕ್ಕೆ ಬಿಟ್ಟುಹೋದ ‘ಜಯಧವಲಾ’ ಟೀಕೆಯನ್ನು 837ರಲ್ಲಿ ಮುಗಿಸಿದವರೇ ಅವರು. ಆ ಟೀಕೆ ಪ್ರಾಕೃತ ಮತ್ತು ಸಂಸ್ಕೃತ ಎರಡನ್ನೂ ಬೆರೆಸಿ ಬರೆದದ್ದು. ಮೂಡಬಿದಿರೆಯಲ್ಲಿ ಉಳಿದುಬಂದ ಅದರ ತಾಳೆಗರಿಗಳ ಲಿಪಿಯೋ ಹಳಗನ್ನಡದ್ದು. ಎರಡು ಭಾಷೆ, ಮೂರನೆಯದರ ಲಿಪಿ, ಇಬ್ಬರ ಬರಹ!

ಇದು ಪಂಡಿತರ ಮಾತಾಯಿತು, ಸಾಲಿಯ ಮಕ್ಕಳಿಗೇನು ಸಂಬಂಧ ಎನ್ನಬಹುದು. ನಮ್ಮದೇ ಶಿಗ್ಗಾವಿ ತಾಲ್ಲೂಕಿನ ಶಿಶುನಾಳ ಶರೀಫರನ್ನು ನೋಡಿ. 1819ರಲ್ಲಿ ಹುಟ್ಟಿದ ಅವರು ಕೆಲಕಾಲ ಸುತ್ತಲಿನ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ಕನ್ನಡ ತತ್ವಪದಗಳ ಜೊತೆ ಉರ್ದುವಿನಲ್ಲೂ ಕೆಲವು ಪದ ಕಟ್ಟಿದವರು.

ಆದರೆ ನಾವು ಕಲಿತ ಸಾಲಿಯಲ್ಲಿ ಬರವಣಿಗೆ ಎಂದರೆ ಒಬ್ಬನೇ, ಒಂದೇ ಭಾಷೆಯಲ್ಲಿ, ಬೋರ್ಡ್ ನೋಡಿ ಇಳಿಸಿಕೊಳ್ಳುವುದು. ಮೂರನೇ ತರಗತಿಯಲ್ಲಿ ಗೆಳೆಯನ ಪಾಟಿಯ ಮೇಲೆ ಅವನ ವಾಕ್ಯ ಪೂರ್ತಿ ಮಾಡಿದ್ದಕ್ಕೆ ಇಬ್ಬರಿಗೂ ಏಟು ಬಿದ್ದಿತ್ತು. ಅದೇ ಕೆಲಸ ಮಾಡಿದ್ದಕ್ಕೆ ಗುಣಭದ್ರರು ಆಚಾರ್ಯರಾದರು ಎಂದು ಆಗ ಗೊತ್ತಿರಲಿಲ್ಲ.

ಫ್ರಾನ್ಸಿನ ಹಳ್ಳಿ ಮಾಸ್ತರ ಸೆಲೆಸ್ಟಿನ್ ಫ್ರೆನೆ 1920ರ ದಶಕದಲ್ಲಿ ತರಗತಿಯೊಳಗೇ ಚಿಕ್ಕ ಮುದ್ರಣ ಯಂತ್ರ ಇಟ್ಟರು. ಮಕ್ಕಳು ತಮ್ಮ ಊರಿನ ಸುದ್ದಿ ಬರೆದು, ತಾವೇ ಮೊಳೆ ಜೋಡಿಸಿ ಅಚ್ಚು ಹಾಕಿ, ದೂರದ ಬ್ರಿಟನಿ ಪ್ರಾಂತ್ಯದ ಸಾಲಿಗೆ ಕಳಿಸುತ್ತಿದ್ದರು. ಅಲ್ಲಿನ ಮಕ್ಕಳು ತಮ್ಮದನ್ನು ಇಲ್ಲಿಗೆ. ಅದೇ ದಾರಿ ಹಿಡಿದು 1985ರಲ್ಲಿ ಅಮೆರಿಕದಲ್ಲಿ ‘ಓರಿಯಾಸ್’ ಎಂಬ ಯೋಜನೆ ಶುರುವಾಯಿತು. ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಆಡುವ ದೂರದೂರದ ತರಗತಿಗಳನ್ನು ಜೋಡಿ ಮಾಡಿದರು. ಮಕ್ಕಳು ಮನೆಯ ಹಿರಿಯರಿಂದ ಗಾದೆ ಕೇಳಿ ತಂದು, ಎರಡೂ ಭಾಷೆಯಲ್ಲಿ ಬರೆದು, ಅದನ್ನು ಒಪ್ಪುತ್ತೇವೋ ಇಲ್ಲವೋ ಎಂದು ಪರಸ್ಪರ ವಾದ ಮಾಡುತ್ತಿದ್ದರು.

ನಮ್ಮಲ್ಲಿ 2019–20ರಲ್ಲಿ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರು, ಕನ್ನಡ–ಇಂಗ್ಲಿಷ್ ಎರಡೂ ಇರುವ ಪಠ್ಯಪುಸ್ತಕಗಳೂ ಬಂದವು. ಒಳ್ಳೆಯದೇ. ಆದರೆ ಅಲ್ಲಿ ಬರೆದವರು ದೊಡ್ಡವರು, ಮಗು ಓದುವುದಷ್ಟೆ.

ಬಂಕಾಪುರದಲ್ಲಿ ಜೋಡಿ ತರಗತಿ ಹುಡುಕಲು ದೂರ ಹೋಗಬೇಕಿಲ್ಲ. ಕನ್ನಡ ಸಾಲಿ ಇದೆ, ಉರ್ದು ಸಾಲಿಯೂ ಇದೆ. ಓಣಿಯಲ್ಲಿ ಗೋಲಿ ಆಡುವಾಗ ಮಕ್ಕಳ ಜಗಳ ಎರಡೂ ಭಾಷೆಯಲ್ಲಿ ನಡೆಯುತ್ತದೆ. ಬೆಳಿಗ್ಗೆ ಗಂಟೆ ಹೊಡೆದರೆ ಬೇರೆ ಬೇರೆ ಗೇಟು. ಉರ್ದು ಸಾಲಿಯ ಮಕ್ಕಳು ಕನ್ನಡ ಓದಲು ಕಲಿಯುತ್ತಾರೆ, ನಮ್ಮವರು ಉರ್ದುವಿನ ಒಂದು ಅಕ್ಷರವನ್ನೂ ಕಲಿಯುವುದಿಲ್ಲ. ಗೆಳೆಯನ ತಂಗಿಯ ಮದುವೆ ಕಾರ್ಡು ಎರಡೂ ಭಾಷೆಯಲ್ಲಿತ್ತು. ನನಗೆ ಓದಲು ಬಂದದ್ದು ಒಂದೇ ಬದಿ. ಅವನು ಎರಡೂ ಓದಿ ನಕ್ಕ.

ಉರ್ದು ಬಲದಿಂದ ಎಡಕ್ಕೆ ಹೋಗುತ್ತದೆ, ಕನ್ನಡ ಎಡದಿಂದ ಬಲಕ್ಕೆ. ಒಂದೇ ನೋಟ್‌ಬುಕ್ಕನ್ನು ಎರಡೂ ಕಡೆಯಿಂದ ಶುರು ಮಾಡಬಹುದು. ಈ ಕಡೆಯಿಂದ ಒಂದು ಸಾಲಿಯ ಮಕ್ಕಳ ಗಾದೆ, ಆ ಕಡೆಯಿಂದ ಇನ್ನೊಂದು ಸಾಲಿಯದ್ದು. ನಡುವಿನ ಪುಟಗಳಲ್ಲಿ ಒಬ್ಬರ ಗಾದೆಯ ಅರ್ಥವನ್ನು ಇನ್ನೊಬ್ಬರು ಬರೆಯಲಿ, ತಪ್ಪಿದರೆ ಅವರೇ ತಿದ್ದಿಕೊಳ್ಳಲಿ. ನೋಟ್‌ಬುಕ್ ಶನಿವಾರ ಒಂದು ಸಾಲಿಯಿಂದ ಇನ್ನೊಂದಕ್ಕೆ ಹೋದರೆ ಸಾಕು. ಇಬ್ಬರು ಮಾಸ್ತರರು ಒಪ್ಪಬೇಕು, ಅಷ್ಟೆ.

ಗಾದೆ ಹೇಳುವ ಅಜ್ಜಿಯರು ಎರಡೂ ಓಣಿಯಲ್ಲಿ ಇನ್ನೂ ಇದ್ದಾರೆ. ನಮ್ಮಜ್ಜಿ ಹೋದ ವರ್ಷ ತೀರಿಕೊಂಡಳು. ಸುದ್ದಿ ಬರೆಯುವುದೇ ಕಸುಬಾದ ನಾನು ಅವಳ ಒಂದು ಗಾದೆಯನ್ನೂ ಬರೆದಿಟ್ಟುಕೊಂಡಿಲ್ಲ.